ತೊಟ್ಟಿಗಿಳಿದ ನೀರೊಳ್ಳೆ

ನಾವು ಕೂಕಟ್‌ಪಲ್ಲಿಯಲ್ಲಿ ಹೋಟೆಲು ನಡೆಸುತ್ತಿದ್ದಾಗ, ಒಂದು ಬೇಸಗೆಯ ಮಧ್ಯಾಹ್ನ ಪಾತ್ರೆ ತೊಳೆಯುವ ತೊಟ್ಟಿಯಲ್ಲಿ ಹಾವೊಂದು ತಲೆಯಷ್ಟನ್ನೇ ಮೇಲಿಟ್ಟು ಮಲಗಿತ್ತು. ಅಡಿಗೆಯವರು ಸೌದೆ ಎತ್ತಿದರು, ನಾವು ತಡೆಯಲಿಲ್ಲ. ಸತ್ತದ್ದು ನೀರೊಳ್ಳೆ, ತೆಲುಗರ ನೀರುಕಟ್ಟೆ. ಅದಕ್ಕೆ ವಿಷವಿಲ್ಲವೆಂದು ಆಮೇಲೆ ತಿಳಿಯಿತು.

ಅಮೆರಿಕದಲ್ಲಿ ಇದೇ ಬಳಗದ ಗಾರ್ಟರ್ ಹಾವನ್ನು ಜನರು ಸಾಕುತ್ತಾರೆ. ಅದರ ಪೆಟ್ಟಿಗೆಯಲ್ಲಿ ಮೈ ಮುಳುಗುವಷ್ಟು ಅಗಲದ ನೀರಿನ ಬಟ್ಟಲನ್ನಿಡುವರು. ಸೆಕೆ ಹೆಚ್ಚಿದರೆ ಮೈ ತಂಪಾಗಲೆಂದೂ, ಕಣ್ಣು ಮಬ್ಬಾಗಿ ಪೊರೆ ಕಳಚುವ ಕಾಲ ಸಮೀಪಿಸಿದಾಗ ಚರ್ಮ ಮೆತ್ತಗಾಗಲೆಂದೂ ಹಾವು ಅದರಲ್ಲಿ ನೆನೆಯುತ್ತದೆ. ಹೊತ್ತೆಲ್ಲ ನೀರಿನಲ್ಲಿಯೇ ಬಿದ್ದಿದ್ದರೆ, ಪೆಟ್ಟಿಗೆ ಬಿಸಿಯಾಗಿದೆಯೋ, ಮೈಗೆ ನುಸಿ ಹತ್ತಿದೆಯೋ ಎಂದು ಸಾಕಿದವನು ನೋಡಬೇಕು. ಮಲಗುವ ನೆಲ ಮಾತ್ರ ಒಣಗಿರಬೇಕು. ಸದಾ ಒದ್ದೆಯಿದ್ದರೆ ಚರ್ಮದಲ್ಲಿ ಬೊಕ್ಕೆಗಳೇಳುವವು.

ನಮ್ಮ ನೀರೊಳ್ಳೆಯನ್ನು ಹಾಗೆ ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದನ್ನು ಹಿಡಿದಿಡುವುದೂ ಕೊಲ್ಲುವುದೂ ಅಪರಾಧ. ಮೀನು, ಕಪ್ಪೆಗಳನ್ನು ತಿಂದು ಬಾಳುವ ಕೆರೆಯ ಜೀವವದು. ಕೂಕಟ್‌ಪಲ್ಲಿಯಲ್ಲಿ ಕೆರೆಯಂಚಿನವರೆಗೂ ಕಟ್ಟಡಗಳೆದ್ದಿರುವಾಗ, ಅದು ನಮ್ಮ ತೊಟ್ಟಿಗಿಳಿದರೆ ಆಶ್ಚರ್ಯವೇನು?

ವಿಷದ ಹಾವಾವುದು, ಇದಾವುದು ಎಂದು ಗುರುತಿಸುವುದು ನಮ್ಮಂಥವರಿಗೆ ಸುಲಭವಲ್ಲ. ಆದುದರಿಂದ ವಾಚಕರು ಸಮೀಪ ಹೋಗದೆ, ಹೊಡೆಯದೆ, ದೂರದಿಂದ ಕಣ್ಣಿಟ್ಟು, ಹೈದರಾಬಾದಿನ ಫ್ರೆಂಡ್ಸ್ ಆಫ್ ಸ್ನೇಕ್ಸ್ ಸೊಸೈಟಿಯವರನ್ನಾಗಲಿ ಅರಣ್ಯ ಇಲಾಖೆಯವರನ್ನಾಗಲಿ ಕರೆಯಿಸಬೇಕು.

ಬಿಸಿಲಿನಿಂದ ಬಂದವರಿಗೆ ಮೊದಲು ನೀರಿಡುವುದು ಹೋಟೆಲಿನವರ ಧರ್ಮ. ಆ ದಿನ ಅದನ್ನು ನಾವು ಮರೆತೆವು.