ಕನ್ನಡ ಟೈಪ್ ಮಾಡಲು ಬೇರೆ ಆ್ಯಪ್ ಹಾಕಲೇಬೇಕೇ?

ಗೋವಿನಕೋವಿಯಂಥ ಹಳ್ಳಿಯ ಗ್ರೂಪಿರಲಿ, ಬೆಂಗಳೂರಿನ ಅಪಾರ್ಟ್‌ಮೆಂಟ್ ಗ್ರೂಪಿರಲಿ, ಕನ್ನಡದಲ್ಲಿ ಬರೆಯಲು ಈ ಕೀಬೋರ್ಡ್ ಹಾಕಿಕೊಳ್ಳಿ ಎಂಬ ಲಿಂಕ್ ನಿಮಗೆ ಬಂದರೆ ಕೂಡಲೇ ಒತ್ತಬೇಡಿ. ನಿಮ್ಮ ಫೋನಿನಲ್ಲಿ ಕನ್ನಡ ಈಗಾಗಲೇ ಇರಬಹುದು.

ಈ ನಂಬಿಕೆ ಬಂದದ್ದು ಹೇಗೆ?

ಒಂದು ಕಾಲದಲ್ಲಿ ಇದು ನಿಜವೇ ಆಗಿತ್ತು. ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು 'ಬರಹ' ಅಥವಾ 'ನುಡಿ' ತಂತ್ರಾಂಶ ಬೇಕಿತ್ತು. ಆಗಿನ ನುಡಿ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ಆಕಾರ ಕೂರಿಸಲಾಗಿತ್ತು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಅರ್ಥವಾಗದ ಚಿಹ್ನೆಗಳು ಕಾಣುತ್ತಿದ್ದವು.

ಯುನಿಕೋಡ್ ಇದನ್ನು ಬದಲಿಸಿತು. ಅದರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತವಿದೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲೇ ಕನ್ನಡಕ್ಕೆ ಬೆಂಬಲವಿತ್ತು. ಐಫೋನಿಗೆ 2017ರಲ್ಲಿ ಐಒಎಸ್ 11ರೊಂದಿಗೆ ಕನ್ನಡ ಕೀಬೋರ್ಡ್ ಬಂತು. ಹಲವು ಆಂಡ್ರಾಯ್ಡ್ ಫೋನುಗಳಲ್ಲಿ ಮೊದಲೇ ಇರುವ ಜಿಬೋರ್ಡಿನಲ್ಲೂ ಕನ್ನಡವಿದೆ.

ಆನ್ ಮಾಡುವುದು ಹೇಗೆ?

ಜಿಬೋರ್ಡ್: ಕೀಬೋರ್ಡಿನ ಸೆಟ್ಟಿಂಗ್ಸ್‌ಗೆ ಹೋಗಿ, ಲ್ಯಾಂಗ್ವೇಜಸ್‌ನಲ್ಲಿ ಕನ್ನಡ ಸೇರಿಸಿ. ನೇರ ಕನ್ನಡ ಅಕ್ಷರಗಳ ಕೀಬೋರ್ಡೂ ಇದೆ, ಇಂಗ್ಲಿಷ್ ಅಕ್ಷರದಲ್ಲಿ ಬರೆದದ್ದನ್ನು ಕನ್ನಡಕ್ಕೆ ತಿರುಗಿಸುವುದೂ ಇದೆ. ಮೈಕ್ ಒತ್ತಿ ಮಾತಾಡಿಯೂ ಬರೆಸಬಹುದು.

ಐಫೋನ್: ಸೆಟ್ಟಿಂಗ್ಸ್, ಜನರಲ್, ಕೀಬೋರ್ಡ್, ಕೀಬೋರ್ಡ್ಸ್‌, ನಂತರ ಹೊಸ ಕೀಬೋರ್ಡ್ ಸೇರಿಸಿ.

ಬೇರೆ ಕೀಬೋರ್ಡ್ ಹಾಕಿದರೆ ಏನು ತೊಂದರೆ?

ನೀವು ಒತ್ತುವ ಪ್ರತಿ ಅಕ್ಷರವೂ ಕೀಬೋರ್ಡಿನ ಮೂಲಕವೇ ಹೋಗುತ್ತದೆ. ಅಮ್ಮನಿಗೆ ಕಳಿಸುವ ಮೆಸೇಜೂ ಅಷ್ಟೇ, ಪಾಸ್‌ವರ್ಡೂ ಅಷ್ಟೇ. ಹೊರಗಿನ ಕೀಬೋರ್ಡ್ ಆನ್ ಮಾಡುವಾಗ, ಅದು ನೀವು ಟೈಪ್ ಮಾಡಿದ್ದನ್ನೆಲ್ಲ ಸಂಗ್ರಹಿಸಬಹುದು ಎಂದು ಆಂಡ್ರಾಯ್ಡ್ ತಾನೇ ಎಚ್ಚರಿಸುತ್ತದೆ. ನಾವು ಓದದೆ 'ಓಕೆ' ಒತ್ತುತ್ತೇವೆ, ಅಷ್ಟೆ.

ಹಾಗಾದರೆ ಹೊರಗಿನ ಕೀಬೋರ್ಡುಗಳೆಲ್ಲ ಕೆಟ್ಟವೇ?

ಇಲ್ಲ. ನುಡಿಯಲ್ಲಿ ಬಳಸುವ ಕೆ.ಪಿ. ರಾವ್ ವಿನ್ಯಾಸಕ್ಕೆ ಕೈ ಪಳಗಿದವರಿಗೆ ಫೋನಿನಲ್ಲೂ ಅದೇ ಬೇಕೆನಿಸಬಹುದು. ಅಂಥವರು ಪ್ಲೇ ಸ್ಟೋರಿನಿಂದಲೇ ಪಡೆಯಲಿ, ತಯಾರಿಸಿದವರು ಯಾರೆಂದು ನೋಡಲಿ. ಟೈಪ್ ಮಾಡಲು ಕಾಂಟ್ಯಾಕ್ಟ್, ಎಸ್ಸೆಮ್ಮೆಸ್ ಅನುಮತಿಯ ಅಗತ್ಯವಿಲ್ಲ. ಕೇಳಿದರೆ ಅನುಮಾನಪಡಿ. ವಾಟ್ಸಾಪಿನಲ್ಲಿ ಬರುವ ಎಪಿಕೆ ಕಡತವನ್ನಂತೂ ತೆರೆಯಲೇಬೇಡಿ.

ಈಗಾಗಲೇ ಹಾಕಿಕೊಂಡಿದ್ದೀರಾ?

ಮೊದಲು ಫೋನಿನ ಸ್ವಂತ ಕೀಬೋರ್ಡಿಗೆ ಮರಳಿ, ಆ ಆ್ಯಪ್ ತೆಗೆದುಹಾಕಿ. ನಂತರ ಪಾಸ್‌ವರ್ಡ್, ಪಿನ್ ಬದಲಿಸಿ. ಹಣ ಹೋಗಿದ್ದರೆ ತಡಮಾಡದೆ ಬ್ಯಾಂಕಿಗೂ 1930 ಸಹಾಯವಾಣಿಗೂ ಕರೆ ಮಾಡಿ.

ತೀರ್ಮಾನ: ಕನ್ನಡ ಬರೆಯಲು ಬೇರೆ ಆ್ಯಪ್ ಬೇಕೇಬೇಕು ಎಂಬುದು ಇಂದು ಸರಿಯಲ್ಲ. ಮೊದಲು ಸೆಟ್ಟಿಂಗ್ಸ್ ನೋಡಿ. ಗ್ರೂಪಿಗೆ ಆ ಲಿಂಕಿನ ಬದಲು ಈ ವಿಧಾನವನ್ನು ಕಳಿಸಿ.