ಜಿಂಕೆಯೆಂದು ಹಾರಿಸಿದ ಗುಂಡು

ಹೊದರು ಅಲುಗಿತು, ಕೋವಿ ಗುಡುಗಿತು, ಬಿದ್ದವನು ಮನುಷ್ಯ. ಹೊಣೆ ಯಾರದು?

ಅಮೆರಿಕದ ಈಶಾನ್ಯ ಮೂಲೆಯಲ್ಲಿರುವ ಮೇನ್ ರಾಜ್ಯವು ಕಾಡುಗಳ ನಾಡು. ನವೆಂಬರ್ ತಿಂಗಳು ಬಂದಿತೆಂದರೆ ಅಲ್ಲಿ ಜಿಂಕೆಯ ಬೇಟೆಯ ಸಂಭ್ರಮ. ಅಂಗಡಿಯವನು, ಗುಮಾಸ್ತ, ಉಪಾಧ್ಯಾಯ ಎಂಬ ಭೇದವಿಲ್ಲದೆ ಜನರು ಕೋವಿಯನ್ನು ಹೆಗಲಿಗೇರಿಸಿ ಕಾಡು ಹೊಗುತ್ತಾರೆ. ಸರಕಾರದ ಪರವಾನಗಿ ಪಡೆದು, ಗೊತ್ತಾದ ದಿನಗಳಲ್ಲಿ ನಡೆಯುವ ಈ ಬೇಟೆಯು ಅಲ್ಲಿನ ಜನಜೀವನದಲ್ಲಿ ತಲೆಮಾರುಗಳಿಂದ ಬೇರೂರಿದೆ.

1988ನೆಯ ಇಸವಿ ನವೆಂಬರ್ 15ರಂದು ಆ ರಾಜ್ಯದ ಹರ್ಮನ್ ಎಂಬ ಊರಿನಲ್ಲಿ ಗೃಹಿಣಿಯೊಬ್ಬಳು ತನ್ನ ಮನೆಯ ಹಿತ್ತಿಲಿಗೆ ಇಳಿದಳು. ಅವಳಿಗೆ ಅವಳಿ ಹೆಣ್ಣುಮಕ್ಕಳು, ಇನ್ನೂ ಎಳೆಗೂಸುಗಳು. ಆ ಸಂಸಾರವು ದೂರದ ಅಯೋವಾ ರಾಜ್ಯದಿಂದ ಬಂದು ಅಲ್ಲಿ ನೆಲೆಸಿ ಬಹಳ ಕಾಲವಾಗಿರಲಿಲ್ಲ. ಚಳಿಗೆಂದು ಆಕೆಯು ಬಿಳಿಯ ಕೈಗವಸುಗಳನ್ನು ತೊಟ್ಟಿದ್ದಳು. ಹತ್ತಿರದ ಮರಗಳ ನಡುವೆ ಇದ್ದ ಬೇಟೆಗಾರನೊಬ್ಬನ ಕಣ್ಣಿಗೆ ಬಿಳಿಯದೇನೋ ಮಿಂಚಿದಂತಾಯಿತು. ಆ ಸೀಮೆಯ ಜಿಂಕೆಗೆ ಬಾಲದ ಅಡಿಭಾಗವು ಹಾಲಿನಂತೆ ಬಿಳುಪು. ಬೆದರಿ ಓಡುವಾಗ ಅದು ಬಾಲವನ್ನು ಬಾವುಟದಂತೆ ಎತ್ತಿ ಹಿಡಿಯುತ್ತದೆ. ಎರಡು ಗುಂಡುಗಳು ಹಾರಿದವು. ಬೇಟೆಗಾರನು ಹತ್ತಿರ ಹೋಗಿ ನೋಡಿದಾಗ ಅಲ್ಲಿ ಬಿದ್ದಿದ್ದುದು ಜಿಂಕೆಯಲ್ಲ, ಎಳೆಗೂಸುಗಳ ತಾಯಿ.

ಸತ್ತವಳದೇ ತಪ್ಪೆ?

ಆ ಬೇಟೆಗಾರನು ದುಷ್ಟನಾಗಿರಲಿಲ್ಲ. ಊರಿನವರಿಗೆ ಬೇಕಾದವನು, ಸಂಸಾರಸ್ಥ. ನಡೆದ ಅನಾಹುತವನ್ನು ಕಂಡು ಅವನು ಕುಸಿದುಹೋದನು. ಊರಿನ ಜನರಿಗೆ ಅವನಲ್ಲಿ ಕನಿಕರ ಹುಟ್ಟಿದ್ದು ಸಹಜವೇ. ಆದರೆ ಕನಿಕರವು ಅಲ್ಲಿಗೇ ನಿಲ್ಲಲಿಲ್ಲ. ‘ಬೇಟೆಯ ಕಾಲದಲ್ಲಿ ಆಕೆ ಬಿಳಿಯ ಕೈಗವಸು ತೊಟ್ಟು ಹೊರಗೆ ಬಂದದ್ದೇಕೆ? ಹೊರಗಿನಿಂದ ಬಂದವಳಿಗೆ ಇಲ್ಲಿನ ರೀತಿ ತಿಳಿಯದು’ ಎಂಬ ಮಾತು ಮನೆಮನೆಯಲ್ಲಿ ಹೊರಟಿತು. ಪತ್ರಿಕೆಗಳಿಗೆ ಬರೆದ ಕಾಗದಗಳಲ್ಲಿಯೂ ಕಾಣಿಸಿಕೊಂಡಿತು. ಸ್ವಂತ ಹಿತ್ತಿಲಿನಲ್ಲಿ ನಿಂತಿದ್ದವಳು ಸತ್ತಮೇಲೆ ತಾನೇ ಅಪರಾಧಿಯಾದಳು!

ಮೊಕದ್ದಮೆ ಹೂಡಬೇಕೇ ಬೇಡವೇ ಎಂದು ನಿರ್ಧರಿಸುವ ನಾಗರಿಕರ ಮಂಡಲಿಯು ಮೊದಲು ಅವನ ಮೇಲೆ ಆರೋಪ ಹೊರಿಸಲು ಒಪ್ಪಲಿಲ್ಲ. ಇದರಿಂದ ದೇಶದ ಬೇರೆ ಭಾಗಗಳಲ್ಲಿ ಕೋಲಾಹಲವೆದ್ದಿತು. ಎರಡನೆಯ ಮಂಡಲಿಯು ಆರೋಪ ಹೊರಿಸಿತು. 1990ರಲ್ಲಿ ವಿಚಾರಣೆ ನಡೆದು ಜ್ಯೂರಿಯು ಅವನನ್ನು ನಿರ್ದೋಷಿಯೆಂದು ಬಿಟ್ಟಿತು. ಮೊಕದ್ದಮೆ ಮುಗಿಯಿತು, ಪ್ರಶ್ನೆ ಮುಗಿಯಲಿಲ್ಲ. ಪ್ರಾಮಾಣಿಕನಾದ ಮನುಷ್ಯನೊಬ್ಬನು ‘ನನಗೆ ಜಿಂಕೆಯಂತೆ ಕಂಡಿತು’ ಎಂದರೆ ಅಷ್ಟೇ ಸಾಕೆ?

ಸಾಲದು ಎಂದು ಮೇನ್ ರಾಜ್ಯದ ಶಾಸನಸಭೆಯು 1991ರಲ್ಲಿ ಹೊಸ ಕಾನೂನಿನ ಮೂಲಕ ಉತ್ತರ ಕೊಟ್ಟಿತು. ಅದರ ಸಾರಾಂಶವಿಷ್ಟು: ಗುರಿಯು ತಾನು ಅರಸಿ ಬಂದ ಪ್ರಾಣಿಯೇ ಎಂದು ಆ ಕ್ಷಣದಲ್ಲಿ ನಿಶ್ಚಯವಾಗದ ಹೊರತು ಯಾರೂ ಗುಂಡು ಹಾರಿಸಕೂಡದು. ವಿವೇಕಿಯಾದ ಬೇಟೆಗಾರನು ಕೇವಲ ಸದ್ದನ್ನು ನಂಬುವುದಿಲ್ಲ. ಸದ್ದಿನೊಡನೆ ಪ್ರಾಣಿಯ ಒಂದು ಅಂಗ ಕಂಡಂತಾದರೂ ನಂಬುವುದಿಲ್ಲ. ತಲೆಯೂ ಮುಂಡವೂ ಅಡ್ಡಿಯಿಲ್ಲದೆ ಕಾಣಬೇಕು. ದೂರ, ನೆಲದ ಏರುತಗ್ಗು, ಬೆಳಕು, ಹವೆ ಇವೆಲ್ಲವನ್ನೂ ಅವನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ‘ಕಂಡಿತು’ ಎಂಬ ಮಾತಿನ ಬೆಲೆಯನ್ನು ಕಾನೂನು ಹೀಗೆ ಅಳೆದು ಇಟ್ಟಿತು.

ಸರಯೂ ತೀರದ ಸಾಕ್ಷಿ

ಈ ಶಾಸನವನ್ನು ಓದಿದ ಭಾರತೀಯನಿಗೆ ದಶರಥನ ನೆನಪು ಬಾರದಿರಲಾರದು. ಶಬ್ದವೇಧಿ ವಿದ್ಯೆಯಲ್ಲಿ ನುರಿತಿದ್ದ ಯುವರಾಜನು ಮಳೆಗಾಲದ ರಾತ್ರಿಯಲ್ಲಿ ಸರಯೂ ನದಿಯ ತೀರದಲ್ಲಿ ಹೊಂಚಿ ಕುಳಿತಿದ್ದನು. ಕೊಡವು ನೀರಿನಲ್ಲಿ ಮುಳುಗುವ ಸದ್ದು ಕೇಳಿ ಆನೆಯೆಂದು ಬಗೆದು ಬಾಣ ಬಿಟ್ಟನು. ನೀರಿಗೆ ಬಂದಿದ್ದವನು ಕುರುಡರಾದ ತಾಯಿತಂದೆಗಳ ಒಬ್ಬನೇ ಮಗ. ಮಹಾಭಾರತದ ಕಡೆಯಲ್ಲಿ ಬರುವ ವ್ಯಾಧ ಜರನ ಕಥೆಯೂ ಇಂಥದೇ. ಅವನಿಗೆ ಕಂಡದ್ದು ಒಂದು ಪಾದ. ಅವನು ಭಾವಿಸಿದ್ದು ಜಿಂಕೆ. ಬಾಣ ತಗುಲಿದ್ದು ಶ್ರೀಕೃಷ್ಣನಿಗೆ. ಒಬ್ಬನು ಸದ್ದನ್ನು ನಂಬಿದನು, ಇನ್ನೊಬ್ಬನು ಅಂಗವನ್ನು ನಂಬಿದನು. ಮೇನ್ ರಾಜ್ಯದ ಕಾನೂನು ನಿಷೇಧಿಸಿದ್ದು ಈ ಎರಡನ್ನೇ ಅಲ್ಲವೆ?

ದಶರಥನ ಕಥೆಯಲ್ಲಿ ಮತ್ತೊಂದು ಅಂಶವಿದೆ. ಜನರು ಅದನ್ನು ಸಾಮಾನ್ಯವಾಗಿ ಮರೆಯುತ್ತಾರೆ. ಕತ್ತಲೆಯಲ್ಲಿ ನಡೆದ ಕೃತ್ಯಕ್ಕೆ ಸಾಕ್ಷಿಗಳಿರಲಿಲ್ಲ. ಆದರೂ ದಶರಥನು ಅದೇ ಕೊಡದಲ್ಲಿ ನೀರು ತುಂಬಿಕೊಂಡು ಆ ವೃದ್ಧರ ಬಳಿಗೆ ಹೋದನು. ಕೊಂದವನು ತಾನೆಂದು ತನ್ನ ಬಾಯಿಂದಲೇ ಹೇಳಿದನು. ನೀನಾಗಿಯೇ ಬಂದು ಹೇಳದೆ ಹೋಗಿದ್ದರೆ ನಿನ್ನ ತಲೆ ಸಿಡಿದು ಹೋಳಾಗುತ್ತಿತ್ತು ಎಂದು ಆ ತಂದೆಯು ಹೇಳಿದನೆಂದು ವಾಲ್ಮೀಕಿಗಳು ಬರೆದಿದ್ದಾರೆ. ಶಾಪವು ತಪ್ಪಲಿಲ್ಲ, ಆದರೆ ಅರಿಯದೆ ಮಾಡಿದ ತಪ್ಪಿಗೂ ಅದನ್ನು ಮುಚ್ಚಿಡುವ ತಪ್ಪಿಗೂ ಇರುವ ಅಂತರವನ್ನು ಕವಿಯು ಅಲ್ಲಿಯೇ ಗುರುತಿಸಿದ್ದಾನೆ.

ಹೊಣೆ ಹೊತ್ತವರು

ಇತಿಹಾಸದಲ್ಲಿಯೂ ಇಂತಹ ನಿದರ್ಶನಗಳಿವೆ. 1621ರಲ್ಲಿ ಇಂಗ್ಲೆಂಡಿನ ಪ್ರಧಾನ ಧರ್ಮಾಧ್ಯಕ್ಷನಾಗಿದ್ದ ಜಾರ್ಜ್ ಆ್ಯಬಟನು ಹ್ಯಾಂಪ್‌ಷೈರಿನ ಬ್ರ್ಯಾಮ್ಸ್‌ಹಿಲ್ ಬೇಟೆಯ ತೋಪಿನಲ್ಲಿ ಜಿಂಕೆಗೆ ಬಿಟ್ಟ ಬಾಣವು ತೋಪಿನ ಕಾವಲುಗಾರನಿಗೆ ನಾಟಿ ಅವನು ಸತ್ತನು. ದೊರೆ ಒಂದನೆಯ ಜೇಮ್ಸನು ಧರ್ಮಾಧ್ಯಕ್ಷನ ಪರ ನಿಂತನು. ಆತನಿಗೆ ಕ್ಷಮಾದಾನವೂ ದೊರೆಯಿತು. ಆದರೂ ಆ್ಯಬಟನು ಸತ್ತವನ ವಿಧವೆಗೆ ವರ್ಷಾಶನವನ್ನು ಗೊತ್ತುಮಾಡಿ, ಅಲ್ಲಿಂದ ಮುಂದೆ ತಿಂಗಳಿಗೊಮ್ಮೆ ಮಂಗಳವಾರದಂದು ಉಪವಾಸವಿರುವ ನಿಯಮವನ್ನು ಹಿಡಿದನು. ದೊರೆ ಮನ್ನಿಸಿದರೂ ಆತನ ಅಂತಃಕರಣವು ಮನ್ನಿಸಲಿಲ್ಲ.

ಇತ್ತೀಚಿನ ಪ್ರಸಂಗ 2006ರದು. ಆ ವರ್ಷದ ಫೆಬ್ರವರಿ 11ರಂದು ಅಮೆರಿಕದ ಉಪಾಧ್ಯಕ್ಷ ಡಿಕ್ ಚೇನಿಯವರು ಟೆಕ್ಸಾಸಿನಲ್ಲಿ ಲಾವುಗೆ ಹಕ್ಕಿಯ ಬೇಟೆಗೆ ಹೋಗಿದ್ದರು. ಹಾರಿದ ಹಕ್ಕಿಯ ಹಿಂದೆಯೇ ಕೋವಿಯನ್ನು ತಿರುಗಿಸಿ ಕುದುರೆಯೆಳೆದಾಗ, ಜೊತೆಗಾರರಾದ 78 ವರ್ಷದ ವಕೀಲ ಹ್ಯಾರಿ ವಿಟಿಂಗ್‌ಟನ್ ಅವರ ಮುಖ, ಕುತ್ತಿಗೆ, ಎದೆಗಳಿಗೆ ಚರೆಗಳು ಹೊಕ್ಕವು. ಒಂದು ಚರೆಯು ಹೃದಯವನ್ನು ಮುಟ್ಟಿತು. ಅವರು ಹಿಂದಿನಿಂದ ಬರುವಾಗ ಕೂಗಿ ತಿಳಿಸಲಿಲ್ಲವೆಂಬ ಮಾತು ಮೊದಲು ಹೊರಬಿದ್ದಿತು. ಇಲ್ಲಿಯೂ ಗುಂಡು ತಿಂದವನ ಮೇಲೆಯೇ ತಪ್ಪು! ನಾಲ್ಕು ದಿನಗಳ ತರುವಾಯ ಚೇನಿಯವರು, ಕೋವಿಯ ಕುದುರೆಯನ್ನು ಎಳೆದವನು ತಾನು, ಬೇರೆ ಯಾರ ಮೇಲೆಯೂ ತಪ್ಪು ಹೊರಿಸುವಂತಿಲ್ಲ ಎಂದು ಒಪ್ಪಿಕೊಂಡರು. ವಿಟಿಂಗ್‌ಟನ್ ಅವರು ಬದುಕಿಕೊಂಡು 2023ರವರೆಗೆ ಬಾಳಿದರು.

ಕಣ್ಣು ಮೋಸಹೋಗುವ ಬಗೆ

ಅನುಭವಿಗಳೂ ಹೀಗೆ ತಪ್ಪುವುದೇಕೆ? ಬೇಟೆಗಾರನ ಮನಸ್ಸಿನಲ್ಲಿ ಮೃಗವು ಮೊದಲೇ ನಿಂತಿರುತ್ತದೆ. ಗಂಟೆಗಟ್ಟಲೆ ಕಾದು ಕುಳಿತವನಿಗೆ ಹೊದರಿನಲ್ಲಿ ಕಂದು ಬಣ್ಣದ ಒಂದು ತುಣುಕು ಅಲುಗಿದರೆ, ಉಳಿದ ಮುಕ್ಕಾಲು ಪ್ರಾಣಿಯನ್ನು ಮನಸ್ಸೇ ಕಟ್ಟಿಕೊಡುತ್ತದೆ. ಕೊಂಬೆಯು ಕೊಂಬಾಗುತ್ತದೆ, ಟೊಪ್ಪಿಗೆಯು ಬೆನ್ನಾಗುತ್ತದೆ. ಆದುದರಿಂದ ‘ನಿಜವಾಗಿಯೂ ಕಂಡೆ’ ಎಂದು ಬೇಟೆಗಾರನು ಆಣೆಯಿಟ್ಟರೆ ಅದು ಸುಳ್ಳಾಗಿರಬೇಕಿಲ್ಲ. ಅವನ ಅಪರಾಧವು ಸುಳ್ಳು ಹೇಳಿದ್ದರಲ್ಲಿ ಇಲ್ಲ. ಮತ್ತೊಮ್ಮೆ ನೋಡದೆ ಹೋದುದರಲ್ಲಿ ಇದೆ.

ಈ ದೌರ್ಬಲ್ಯವನ್ನು ಅರಿತೇ ಅನೇಕ ರಾಜ್ಯಗಳಲ್ಲಿ ಉಪಾಯಗಳನ್ನು ಕಂಡುಹಿಡಿದರು. ನ್ಯೂಯಾರ್ಕ್ ರಾಜ್ಯವು 1949ರಲ್ಲಿಯೇ ಕಿರಿಯರಿಗೆ ಬೇಟೆಯ ಶಿಕ್ಷಣವನ್ನು ಕಡ್ಡಾಯ ಮಾಡಿತು. ಮುಂದೆ ಬಂದದ್ದು ಉಜ್ವಲವಾದ ಕಿತ್ತಳೆ ಬಣ್ಣದ ಉಡುಪು. ಜಿಂಕೆಯ ಕಣ್ಣಿಗೆ ಕೆಂಪು, ಕಿತ್ತಳೆಗಳನ್ನು ಬೇರ್ಪಡಿಸಿ ನೋಡುವ ಶಕ್ತಿಯಿಲ್ಲ. ಅದಕ್ಕೆ ಆ ಬಣ್ಣವು ಮಂಕಾಗಿ ತೋರುತ್ತದೆ. ಮನುಷ್ಯನ ಕಣ್ಣಿಗಾದರೋ ಅದು ಬೆಂಕಿಯಂತೆ ಹೊಳೆಯುತ್ತದೆ. ಉಪಾಯವೇನೋ ಸೊಗಸಾದುದು. ಆದರೆ ಟೆಕ್ಸಾಸಿನ ಆ ಬೇಟೆಯಲ್ಲಿ ವಿಟಿಂಗ್‌ಟನ್ ಅವರೂ ಕಿತ್ತಳೆ ಬಣ್ಣವನ್ನು ತೊಟ್ಟೇ ಇದ್ದರು. ಬಣ್ಣವು ಎಚ್ಚರಿಸಬಲ್ಲುದು, ನೋಡುವ ಕೆಲಸವನ್ನು ಮಾಡಲಾರದು.

ರಾತ್ರಿಯಲ್ಲಂತೂ ಅಪಾಯವು ಇಮ್ಮಡಿಸುತ್ತದೆ. ಜಿಂಕೆ ಮೊದಲಾದ ಪ್ರಾಣಿಗಳ ಕಣ್ಣಿನ ಹಿಂದೆ ಕನ್ನಡಿಯಂತಹ ಪದರವಿದ್ದು, ದೀಪ ಬಿಟ್ಟೊಡನೆ ಕಣ್ಣುಗಳು ಹೊಳೆಯುತ್ತವೆ. ಆ ಹೊಳಪಿಗೇ ಗುರಿಯಿಡುವವರಿದ್ದಾರೆ. 2010ರಲ್ಲಿ ನ್ಯೂಜಿಲೆಂಡಿನ ಒಂದು ಅರಣ್ಯ ಬಿಡಾರದಲ್ಲಿ ತರುಣಿಯೊಬ್ಬಳು ಹಣೆಗೆ ದೀಪ ಕಟ್ಟಿಕೊಂಡು ಹಲ್ಲುಜ್ಜುತ್ತಿದ್ದಳು. ಆ ದೀಪದ ಬೆಳಕನ್ನೇ ಜಿಂಕೆಯ ಕಣ್ಣೆಂದು ತಿಳಿದ ಬೇಟೆಗಾರನ ಗುಂಡಿಗೆ ಅವಳು ಬಲಿಯಾದಳು. ಅವನು ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು ಸೆರೆಮನೆಗೆ ಹೋದನು.

ಗುರಿಯೊಂದನ್ನೇ ನೋಡಿದರೂ ಸಾಲದು. ಗುರಿಯ ಆಚೆಗೆ ಏನಿದೆಯೆಂಬುದನ್ನೂ ನೋಡಬೇಕು. ಸಣ್ಣದೆನಿಸುವ .22 ರೈಫಲಿನ ಗುಂಡೂ ಒಂದು ಮೈಲಿಯಾಚೆಗೆ ಹೋಗಬಲ್ಲುದು. ತುಂಬಿಲ್ಲವೆಂದು ತಿಳಿದ ಕೋವಿಯನ್ನೂ ತುಂಬಿದ ಕೋವಿಯೆಂದೇ ಭಾವಿಸಬೇಕು. ಅದರ ಬಾಯಿಯನ್ನು ಎಂದೂ ಮನುಷ್ಯರತ್ತ ತಿರುಗಿಸಬಾರದು. ಹೊಡೆಯುವ ಕ್ಷಣದವರೆಗೂ ಬೆರಳು ಕುದುರೆಯಿಂದ ದೂರವಿರಬೇಕು. ಬೇಲಿಯನ್ನೋ ಹಳ್ಳವನ್ನೋ ದಾಟುವ ಮೊದಲು ತೋಟವನ್ನು ತೆಗೆಯಬೇಕು. ಕುಡಿದವನ ಕೈಗೆ ಕೋವಿ ಕೊಡಬಾರದು. ಇವು ಎಲ್ಲ ದೇಶಗಳ ಬೇಟೆಗಾರರೂ ಒಪ್ಪಿದ ನಿಯಮಗಳು. ಇವುಗಳಿಗೆ ಕಾಸಿನ ಖರ್ಚಿಲ್ಲ. ಬೇಕಾದುದು ತಾಳ್ಮೆ ಮಾತ್ರ.

ನಮ್ಮ ಕಾಡುಗಳಲ್ಲಿ

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಅದಕ್ಕೆ 1991ರಲ್ಲಿ ಆದ ತಿದ್ದುಪಡಿಯೂ ವಿನೋದದ ಬೇಟೆಗೆ ಬಾಗಿಲನ್ನು ಮುಚ್ಚಿದುವು. ಆದರೂ ಕದ್ದು ನಡೆಯುವ ಶಿಕಾರಿ ನಿಂತಿಲ್ಲ. ಮಲೆನಾಡಿನಲ್ಲಿ, ಕೊಡಗಿನಲ್ಲಿ ರಾತ್ರಿಯ ವೇಳೆ ಹಂದಿಯೆಂದು ಹೊಡೆದ ಈಡು ಜೊತೆಗಾರನಿಗೇ ತಗುಲಿತೆಂಬ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಇಂತಹ ಬೇಟೆಯಲ್ಲಿ ಕಿತ್ತಳೆಯ ಉಡುಪಿಲ್ಲ, ಶಿಕ್ಷಣವಿಲ್ಲ. ಕಳ್ಳತನದ ಬೇಟೆಯಾದುದರಿಂದ ಬೆಳಕಿಗೂ ಹೆದರಿಕೆ, ಕೂಗಿಗೂ ಹೆದರಿಕೆ. ಗುಂಡು ತಗುಲಿದವನನ್ನು ಆಸ್ಪತ್ರೆಗೆ ಒಯ್ದರೆ ಗುಟ್ಟು ರಟ್ಟಾಗುವುದೆಂಬ ಭಯ ಬೇರೆ. ಆ ಭಯದಲ್ಲಿ ಕಳೆದ ಒಂದೊಂದು ಗಳಿಗೆಯೂ ಒಂದು ಜೀವದ ಬೆಲೆ.

ನಮ್ಮ ಕಾನೂನು ಈ ವಿಷಯವನ್ನು ಎಂದೋ ಯೋಚಿಸಿದೆ. 1860ರ ಭಾರತೀಯ ದಂಡ ಸಂಹಿತೆಯಲ್ಲಿ ಒಂದು ದೃಷ್ಟಾಂತವಿತ್ತು. ಅದರ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಅದು ಉಳಿದಿದೆ. ಒಬ್ಬನು ಕದಿಯುವ ಉದ್ದೇಶದಿಂದ ಕೋಳಿಗೆ ಗುಂಡು ಹೊಡೆಯುತ್ತಾನೆ. ಪೊದೆಯ ಹಿಂದೆ ಇದ್ದ ಮನುಷ್ಯನು ಸಾಯುತ್ತಾನೆ. ಅಲ್ಲಿ ಮನುಷ್ಯನಿದ್ದುದು ಹೊಡೆದವನಿಗೆ ತಿಳಿಯದು. ಕೊಲ್ಲುವ ಉದ್ದೇಶವಿಲ್ಲದ್ದರಿಂದ ಅವನು ನರಹತ್ಯೆಯ ಅಪರಾಧಿಯಲ್ಲ ಎನ್ನುತ್ತದೆ ಕಾನೂನು. ಆದರೆ ಇಷ್ಟಕ್ಕೇ ಅವನು ಪಾರಾದಂತಾಗಲಿಲ್ಲ. ಅಜಾಗರೂಕತೆಯಿಂದ ಸಾವು ತಂದವನಿಗೆ ಬೇರೆಯ ಶಿಕ್ಷೆಯಿದೆ. ಹಳೆಯ ಸಂಹಿತೆಯಲ್ಲಿ ಎರಡು ವರ್ಷಗಳವರೆಗೆ ಇದ್ದ ಸೆರೆವಾಸವು ಹೊಸದರಲ್ಲಿ ಐದು ವರ್ಷಗಳವರೆಗೆ ಏರಿದೆ. ‘ಆಕಸ್ಮಿಕ’ ಎಂಬ ರಕ್ಷಣೆ ದೊರೆಯಬೇಕಾದರೆ ಮಾಡಿದ ಕೆಲಸವು ಕಾನೂನಿಗೆ ಒಪ್ಪುವಂಥದಾಗಿರಬೇಕು, ತಕ್ಕ ಎಚ್ಚರಿಕೆಯಿಂದ ಮಾಡಿದುದೂ ಆಗಿರಬೇಕು. ನಿಷೇಧಿಸಿದ ಬೇಟೆಗೆ ಹೋದವನಿಗೆ ಆ ಮಾತನ್ನಾಡುವ ಹಕ್ಕು ಮನೆಯ ಹೊಸಿಲು ದಾಟುವಾಗಲೇ ತಪ್ಪಿಹೋಗಿರುತ್ತದೆ.

ಕೋವಿಯನ್ನು ಹೇಗೆ ಇಟ್ಟುಕೊಳ್ಳಬೇಕೆಂಬುದಕ್ಕೆ ಮಾದರಿಯೂ ನಮ್ಮ ನಾಡಿನಲ್ಲಿದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ಹಿಂದಿನಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರಕಾರವು 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ಮುಂದುವರಿಸಿತು. ಕೈಲ್ ಮುಹೂರ್ತದ ಹಬ್ಬದಲ್ಲಿ ಕೊಡವರ ಮನೆಗಳಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ. ಹಿಂದೆ ಪೂಜೆಯ ತರುವಾಯ ಬೇಟೆಗೆ ಹೊರಡುತ್ತಿದ್ದರು. ಈಗ ಊರ ಬಯಲಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವನ್ನು ಏರ್ಪಡಿಸುತ್ತಾರೆ. ಹಾಡುಹಗಲು, ನೋಡುವವರೆಲ್ಲ ಹೊಡೆಯುವವನ ಹಿಂದೆ, ಎದುರಿಗೆ ಕಾಯಿಯೊಂದೇ. ಗುರಿ ತಪ್ಪಿದರೆ ಹತ್ತು ಜನ ನಗುತ್ತಾರೆ, ಅಷ್ಟೆ. ಸಂಜೆಗೆ ಎಲ್ಲರೂ ಅವರವರ ಮನೆ ಸೇರುತ್ತಾರೆ.