ನಿಮಗಿದು ಗೊತ್ತೆ? ಚೊಚ್ಚಲ ಮರಿಗೆ ಹಾಲಿನ ಜತೆ ಡಿಡಿಟಿ!

ಗಂಡು ಡಾಲ್ಫಿನ್‌ಗೆ ವಯಸ್ಸಾದಷ್ಟೂ ಮೈಯೊಳಗಿನ ಕೀಟನಾಶಕ ಡಿಡಿಟಿ ಏರುತ್ತಲೇ ಹೋಗುತ್ತದೆ. ಹೆಣ್ಣಿಗೆ ಮಾತ್ರ ಮರಿ ಹಾಕಿದ ಮೇಲೆ ಇಳಿಯುತ್ತದೆ!

ಅದು ಹೋಗುವುದು ಮರಿಯ ಹೊಟ್ಟೆಗೆ. ಡಾಲ್ಫಿನ್ ಹಾಲು ಬಲು ಜಿಡ್ಡಿನದು. ಡಿಡಿಟಿ, ಕಾರ್ಖಾನೆಗಳ ಪಿಸಿಬಿಯಂಥ ರಾಸಾಯನಿಕಗಳು ಸೇರಿಕೊಳ್ಳುವುದೂ ಕೊಬ್ಬಿನಲ್ಲೇ. ತಾಯಿ ವರ್ಷಗಟ್ಟಲೆ ಕೂಡಿಟ್ಟದ್ದರಲ್ಲಿ ದೊಡ್ಡ ಪಾಲು ಚೊಚ್ಚಲ ಮರಿಗೆ. ಮೀನು ಸಿಗದೆ ಸೊರಗಿದರೆ ಕೊಬ್ಬು ಕರಗಿ ವಿಷ ಮತ್ತೆ ರಕ್ತಕ್ಕಿಳಿಯುತ್ತದೆ.

ಕಲಬುರಗಿಯ ನೆಹರು ಗಂಜ್‌ನ ತೊಗರಿ ಅಡತ ಅಂಗಡಿಗೂ ಕಡಲಿಗೂ ಏನು ನಂಟು ಎನ್ನಬೇಡಿ. ಆ ಸೀಮೆಯ ಹೊಲದ ಮಳೆನೀರು ಭೀಮೆಗೆ, ಭೀಮೆ ಕೃಷ್ಣೆಗೆ, ಕೃಷ್ಣೆ ಬಂಗಾಳ ಕೊಲ್ಲಿಗೆ. ಆ ಕೊಲ್ಲಿಯ ಡಾಲ್ಫಿನ್‌ಗಳ ಕೊಬ್ಬಿನಲ್ಲಿ ಡಿಡಿಟಿ, ಅದರಂಥದೇ ಕೀಟನಾಶಕ ಬಿಎಚ್‌ಸಿ ಎರಡೂ ಸಿಕ್ಕಿವೆ. ಹೊಲಕ್ಕೆ ಡಿಡಿಟಿ ಹೊಡೆಯುವುದನ್ನು ಭಾರತ ನಿಷೇಧಿಸಿದ್ದು 1989ರಲ್ಲಿ. ಬಿಎಚ್‌ಸಿ ಸರದಿ ಬಂದದ್ದು 1997ಕ್ಕೆ.

ಓರ್ಕಾ ಕೂಡ ಡಾಲ್ಫಿನ್ ಬಳಗದ್ದೇ. ಸ್ಕಾಟ್ಲೆಂಡಿನ ‘ಲುಲು’ ಎಂಬ ಓರ್ಕಾದ್ದು ಇನ್ನೂ ವಿಚಿತ್ರ. 2016ರ ಜನವರಿಯಲ್ಲಿ ಟೈರೀ ದ್ವೀಪದ ದಡದಲ್ಲಿ ಅದು ಸತ್ತು ಬಿದ್ದಿತ್ತು. ಕೊಬ್ಬಿನಲ್ಲಿದ್ದ ಪಿಸಿಬಿ, ಕಿಲೋಗೆ 957 ಮಿಲಿಗ್ರಾಂ! ಕಡಲ ಸಸ್ತನಿಗಳಲ್ಲಿ ಇಷ್ಟು ಕಂಡದ್ದು ಅಪರೂಪ. ಕನಿಷ್ಠ 20 ವರ್ಷ ಬದುಕಿದ್ದ ಲುಲು ಒಂದು ಮರಿಯನ್ನೂ ಹಾಕಿರಲಿಲ್ಲ; ಹಾಗಾಗಿ ವಿಷ ಮರಿಗೆ ಇಳಿಯುವ ದಾರಿಯೂ ಇರಲಿಲ್ಲ.